ಯುಕುಲೇಲೆ

ಗಿಟಾರ್ ಬಳಗಕ್ಕೆ ಸೇರಿದ, ನಾಲ್ಕು ತಂತಿಗಳ ಪುಟ್ಟ ವಾದ್ಯ. ಹುಟ್ಟಿದ್ದು ಹವಾಯಿ ದ್ವೀಪಗಳ ಹೊನೊಲುಲು ಪಟ್ಟಣದಲ್ಲಿ, 1880ರ ದಶಕದಲ್ಲಿ. ಇದರ ಪೂರ್ವಜರು ಮಾತ್ರ ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ, ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದವರು. ಹೆಸರನ್ನು ಹವಾಯಿಯವರು ‘ಊಕುಲೆಲೆ’ ಎನ್ನುತ್ತಾರೆ, ಅಮೆರಿಕನ್ನರ ಬಾಯಲ್ಲಿ ಅದು ‘ಯೂಕಲೇಲಿ’. ಯಾವುದು ಸರಿ ಎಂಬ ವಾದ ಈ ವಾದ್ಯದ ಅಭಿಮಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಅಳತೆಗೆ ತಕ್ಕಂತೆ ಸೊಪ್ರಾನೊ, ಕನ್ಸರ್ಟ್, ಟೆನರ್, ಬ್ಯಾರಿಟೋನ್ ಎಂಬ ನಾಲ್ಕು ಬಗೆಗಳಿವೆ. ಎಲ್ಲಕ್ಕಿಂತ ಚಿಕ್ಕದೂ ಹಳೆಯದೂ ಆದ ಸೊಪ್ರಾನೊ ಎರಡು ಅಡಿಗೂ ಕಡಿಮೆ. ವೀಣೆಗಿರುವಂತೆ ಇದಕ್ಕೂ ಬಿರಡೆ, ಮೆಟ್ಟಿಲು, ಕುದುರೆಗಳಿವೆ. ವಿಚಿತ್ರವಿರುವುದು ಶ್ರುತಿಯಲ್ಲಿ. ಬ್ಯಾರಿಟೋನ್ ಬಿಟ್ಟು ಉಳಿದವಕ್ಕೆ ಜಿ, ಸಿ, ಇ, ಎ ಎಂದು ಶ್ರುತಿ ಮಾಡುತ್ತಾರೆ. ಸಿ ಸ್ವರವನ್ನು ಷಡ್ಜವಾಗಿ ಹಿಡಿದರೆ ಅದು ಪ, ಸ, ಗ, ದ. ಮೋಹನ ರಾಗದ ಸ್ವರಗಳಲ್ಲಿ ರಿಷಭವೊಂದೇ ಕಡಿಮೆ. ತಂತಿವಾದ್ಯಗಳಲ್ಲಿ ಸಾಮಾನ್ಯವಾಗಿ ಮೇಲಿನ ತಂತಿ ತಗ್ಗು ದನಿಯದು. ಇಲ್ಲಿ ಹಾಗಲ್ಲ, ನುಡಿಸುವವರ ಗಲ್ಲಕ್ಕೆ ಹತ್ತಿರವಿರುವ ತಂತಿಯೇ ಪಂಚಮ, ಅದರ ಕೆಳಗಿನದು ಅದಕ್ಕಿಂತ ತಗ್ಗಿನ ಷಡ್ಜ. ಬೆರಳು ಮೇಲಿಂದ ಕೆಳಕ್ಕೆ ಸವರಿದಾಗ ದನಿ ಒಂದೇ ಸಮನೆ ಮೆಟ್ಟಿಲೇರದೆ, ಇಳಿದು ಮತ್ತೆ ಏರಿ ಕುಣಿದಂತೆ ಕೇಳುವುದು ಇದರಿಂದಲೇ. ಯುಕುಲೇಲೆಯ ‘ನಗುಮುಖ’ದ ಗುಟ್ಟು ಬೇರೇನೂ ಅಲ್ಲ.

1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು ಸುಮಾರು ನಾಲ್ಕು ತಿಂಗಳ ಪಯಣ ಮುಗಿಸಿ ಹೊನೊಲುಲು ಬಂದರು ಸೇರಿತು. ಅದರಲ್ಲಿ ಮದೀರಾದಿಂದ ಕಬ್ಬಿನ ತೋಟಗಳ ಕೂಲಿಗೆಂದು ಹೊರಟ ನಾಲ್ಕು ನೂರಕ್ಕೂ ಹೆಚ್ಚು ಜನರಿದ್ದರು. ಮದೀರಾದ ದ್ರಾಕ್ಷಿ ತೋಟಗಳು ರೋಗಕ್ಕೆ ತುತ್ತಾಗಿ ಊರಿಗೆ ಊರೇ ಬಡವಾಗಿತ್ತು. ಇತ್ತ ಹವಾಯಿಯಲ್ಲಿ, ಅಮೆರಿಕದೊಡನೆ 1875ರಲ್ಲಾದ ಒಪ್ಪಂದದಿಂದ ಸಕ್ಕರೆಗೆ ಸುಂಕ ತಪ್ಪಿ ಕಬ್ಬು ಬೆಳೆಯುವವರು ದುಡ್ಡಿನ ಬೆನ್ನು ಹತ್ತಿದ್ದರು. ಹೊರಗಿನಿಂದ ಬಂದ ರೋಗಗಳಿಗೆ ಸಿಕ್ಕಿ ಮೂಲನಿವಾಸಿಗಳ ಸಂಖ್ಯೆ ಕುಸಿದಿದ್ದರಿಂದ ಗೇಯಲು ಆಳುಗಳಿರಲಿಲ್ಲ. ಹೀಗೆ ಒಂದು ದ್ವೀಪದ ಬರ, ಇನ್ನೊಂದು ದ್ವೀಪದ ಸಕ್ಕರೆ ಎರಡೂ ಸೇರಿ ಈ ವಾದ್ಯವನ್ನು ಹಡಗು ಹತ್ತಿಸಿದವು.

ಹಡಗು ದಡ ಮುಟ್ಟಿದ ಖುಷಿಗೆ ಜುವಾಂವ್ ಫೆರ್ನಾಂದಿಸ್ ಎಂಬಾತ ‘ಮಶೇಟಿ’ ಎಂಬ ಚಿಕ್ಕ ತಂತಿವಾದ್ಯವನ್ನು ಹಿಡಿದು ಹಾಡಿ ಕುಣಿದನೆಂದು ಹೇಳುತ್ತಾರೆ. ವಾದ್ಯ ಅವನದಲ್ಲ, ಜೊತೆಗೆ ಬಂದ ಗೆಳೆಯನದು. ಆ ಗೆಳೆಯನಿಗೆ ನುಡಿಸಲು ಬರುತ್ತಿರಲಿಲ್ಲವಂತೆ. ಕಥೆಗೆ ಉಪ್ಪುಖಾರ ಬಿದ್ದಿರಬಹುದು. ಆದರೆ ಎರಡು ವಾರ ಕಳೆಯುವುದರೊಳಗೆ ಹೊನೊಲುಲುವಿನ ಪತ್ರಿಕೆಯೊಂದು, ಮದೀರಾದವರು ರಾತ್ರಿ ಬೀದಿಯಲ್ಲಿ ಗಿಟಾರ್ ಮತ್ತು ಬ್ಯಾಂಜೊಗಳ ನಡುವಿನ ಏನೋ ಒಂದು ವಾದ್ಯವನ್ನು ನುಡಿಸಿ ಜನರನ್ನು ರಂಜಿಸುತ್ತಿದ್ದಾರೆ ಎಂದು ಬರೆದದ್ದು ದಾಖಲೆಯಲ್ಲಿದೆ.

ಅದೇ ಹಡಗಿನಲ್ಲಿ ಮೂವರು ಬಡಗಿಗಳಿದ್ದರು: ಮಾನುಯೆಲ್ ನೂನಿಸ್, ಆಗುಸ್ಟು ಡಿಯಾಸ್, ಜುಜೆ ದು ಇಶ್ಪಿರಿಟು ಸಾಂಟು. ಕಬ್ಬಿನ ಗದ್ದೆಯ ಕೆಲಸ ಮುಗಿಸಿ ಪೇಟೆಗೆ ಮರಳಿದವರು ಪೀಠೋಪಕರಣದ ಜೊತೆಗೆ ವಾದ್ಯ ಮಾಡಲು ಕೂತರು. ಆಕಾರವನ್ನು ಮಶೇಟಿಯಿಂದ ಪಡೆದರು. ಶ್ರುತಿಯನ್ನು ಮದೀರಾದ್ದೇ ಆದ, ಐದು ತಂತಿಗಳ ‘ರಜಾಂವ್’ನಿಂದ ಒಂದು ತಂತಿ ಬಿಟ್ಟು ತೆಗೆದುಕೊಂಡರು. ಮರ ಮಾತ್ರ ಹವಾಯಿಯ ‘ಕೋವಾ’. ಕೋವಾ ಆ ದ್ವೀಪಗಳಲ್ಲಿ ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯದ ಅಕೇಶಿಯಾ ಜಾತಿಯ ಮರ. ನಮ್ಮ ಮಲೆನಾಡಿನ ಗುಡ್ಡಗಳಲ್ಲಿ ಸಾಲಾಗಿ ನೆಟ್ಟಿರುವ ಅಕೇಶಿಯಾದ ದಾಯಾದಿ ಎನ್ನಬಹುದು, ಆದರೆ ಹೊನ್ನಿನ ಬಣ್ಣದ ಅಲೆಯಲೆಯಾದ ನಾರು ಅದಕ್ಕಿರುವುದು ಇದಕ್ಕಿಲ್ಲ. ಮೂವರಲ್ಲಿ ಕೊನೆಯವರೆಗೆ ಬದುಕಿದ್ದ ನೂನಿಸ್ ತಾನೇ ಯುಕುಲೇಲೆಯನ್ನು ಕಂಡುಹಿಡಿದವನೆಂದು ಚೀಟಿ ಅಂಟಿಸಿ ಮಾರಿದ. ಇದನ್ನು ಒಪ್ಪಲು ಕಾರಣವಿಲ್ಲ. ಮೂವರ ಕೈಯಲ್ಲೂ ಒಟ್ಟಿಗೆ, ಗಿರಾಕಿಗಳ ಬೇಡಿಕೆಗೆ ತಕ್ಕಂತೆ ರೂಪುಗೊಂಡ ವಸ್ತುವಿದು.

ಹೆಸರಿನ ಹಿಂದೆ ಚಿಗಟವಿದೆ. ಹವಾಯಿ ಭಾಷೆಯಲ್ಲಿ ‘ಊಕು’ ಎಂದರೆ ಚಿಗಟ ಅಥವಾ ಹೇನು, ‘ಲೆಲೆ’ ಎಂದರೆ ಹಾರುವುದು. ತಂತಿಗಳ ಮೇಲೆ ಬೆರಳು ಜಿಗಿಯುವುದನ್ನು ಕಂಡು ಜನ ಹಾಗೆ ಕರೆದರು ಎನ್ನುವುದು ಒಂದು ಮಾತು. ಅರಮನೆಯಲ್ಲಿ ಅಧಿಕಾರಿಯಾಗಿದ್ದ ಎಡ್ವರ್ಡ್ ಪರ್ವಿಸ್ ಎಂಬ ಚಿಕ್ಕ ಆಳಿನ, ಚುರುಕು ಸ್ವಭಾವದ ಇಂಗ್ಲಿಷಿನವನಿಗಿದ್ದ ಅಡ್ಡಹೆಸರು ವಾದ್ಯಕ್ಕೂ ಬಂತು ಎನ್ನುವುದು ಇನ್ನೊಂದು. ‘ಊಕು’ಗೆ ಕೊಡುಗೆ, ‘ಲೆಲೆ’ಗೆ ಬರುವುದು ಎಂಬ ಅರ್ಥಗಳೂ ಇರುವುದರಿಂದ ರಾಣಿ ಲಿಲಿಉಓಕಲಾನಿ ‘ಬಂದ ಕೊಡುಗೆ’ ಎಂಬ ವಿವರಣೆಯನ್ನು ಮೆಚ್ಚಿದ್ದಳು. ರಾಣಿಯ ಅರ್ಥ ಚೆಂದ, ಚಿಗಟದ ಅರ್ಥ ಹೆಚ್ಚು ನಂಬುವಂಥದು.

ಕೂಲಿಕಾರರ ವಾದ್ಯ ಇಷ್ಟು ಬೇಗ ದೇಶದ ವಾದ್ಯವಾದದ್ದು ದೊರೆ ಕಲಾಕೌವಾನಿಂದ. 1874ರಿಂದ 1891ರವರೆಗೆ ಆಳಿದ ಈತ, ಮಿಷನರಿಗಳು ಅನಾಚಾರವೆಂದು ಹತ್ತಿಕ್ಕಿದ್ದ ಹುಲಾ ನೃತ್ಯವನ್ನು 1883ರ ಪಟ್ಟಾಭಿಷೇಕದಲ್ಲೂ 1886ರಲ್ಲಿ ತನ್ನ ಐವತ್ತನೆಯ ಹುಟ್ಟುಹಬ್ಬದಲ್ಲೂ ಬಹಿರಂಗವಾಗಿ ಆಡಿಸಿದ. ಹಳೆಯ ಹೆಜ್ಜೆಗಳಿಗೆ ಹೊಸ ತಂತಿವಾದ್ಯಗಳು ಜೊತೆಯಾದವು. ದೊರೆ ತಾನೇ ಯುಕುಲೇಲೆ ನುಡಿಸುತ್ತಿದ್ದ; ತಂಗಿ ಲಿಲಿಉಓಕಲಾನಿ ಸೇರಿದಂತೆ ಮನೆಮಂದಿಯೆಲ್ಲ ಹಾಡು ಕಟ್ಟುವವರು. ಪೋರ್ಚುಗೀಸರ ಮಶೇಟಿ ಹತ್ತೇ ವರ್ಷದಲ್ಲಿ ಹವಾಯಿಯವರ ಸ್ವಾಭಿಮಾನದ ಗುರುತಾಯಿತು. ಆ ಸ್ವಾಭಿಮಾನಕ್ಕೆ ಬಂದ ಗತಿ ಬೇರೆ. ಸಕ್ಕರೆ ಹಿತಾಸಕ್ತಿಯ ಬೆಂಬಲದಿಂದ 1893ರಲ್ಲಿ ರಾಣಿಯನ್ನು ಪದಚ್ಯುತಗೊಳಿಸಲಾಯಿತು, 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. ರಾಜ್ಯ ಕಳೆದುಕೊಂಡ ಮೇಲೆ ಅದರ ವಾದ್ಯ ಪ್ರವಾಸಿಗರ ನೆನಪಿನ ಕಾಣಿಕೆಯಾಗಿ ಅಂಗಡಿ ಸೇರಿತು.

ಹವಾಯಿಯ ಅರ್ನೆಸ್ಟ್ ಕಾಆಯಿ 1906ರಲ್ಲಿ ಯುಕುಲೇಲೆ ಕಲಿಕೆಯ ಮೊದಲ ಪುಸ್ತಕ ಬರೆದ. ಅಮೆರಿಕದ ನೆಲವನ್ನು ವಾದ್ಯ ಗೆದ್ದದ್ದು 1915ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಪನಾಮ-ಪೆಸಿಫಿಕ್ ವಸ್ತುಪ್ರದರ್ಶನದಲ್ಲಿ. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ನಡೆದ ಆ ಜಾತ್ರೆಗೆ ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಹವಾಯಿ ಮಂಟಪದಲ್ಲಿ ಜಾರ್ಜ್ ಅವಾಯಿಯ ತಂಡ ದಿನವೂ ನುಡಿಸುತ್ತಿತ್ತು. ನೋಡಿದವರು ಊರಿಗೆ ಹೋಗಿ ವಾದ್ಯ ಕೇಳತೊಡಗಿದರು. ಮುಖ್ಯಭೂಮಿಯ ಕಾರ್ಖಾನೆಗಳು ಅಗ್ಗದ ನಕಲುಗಳನ್ನು ತಯಾರಿಸಿ ‘ಹವಾಯಿಯದು’ ಎಂದೇ ಮಾರಿದವು. ಸಿಟ್ಟಿಗೆದ್ದ ಹೊನೊಲುಲುವಿನವರು ಅಸಲಿ ಮಾಲಿಗೆ ‘ಟಬೂ’ ಎಂಬ ಮುದ್ರೆ ಒತ್ತಿದರು. ಮೈಸೂರು ರೇಷ್ಮೆಗೂ ಚನ್ನಪಟ್ಟಣದ ಗೊಂಬೆಗೂ ನಾವು ಈಗ ಕೇಳುವ ರಕ್ಷಣೆಯನ್ನು ಅವರು ಅಂದೇ ಕೇಳಿದ್ದರು. ಹೆಚ್ಚಿನ ಫಲ ಸಿಗಲಿಲ್ಲ.

ಸ್ಪರ್ಧೆಯಲ್ಲಿ ಉಳಿದ ಎರಡು ಹೆಸರುಗಳನ್ನು ಇಲ್ಲಿ ಹೇಳಬೇಕು. ಪೆನ್ಸಿಲ್ವೇನಿಯಾದ ಗಿಟಾರ್ ತಯಾರಕರಾದ ಮಾರ್ಟಿನ್ ಕಂಪನಿಯವರು 1907ರಲ್ಲಿ ಮಾಡಿನೋಡಿದ ಯುಕುಲೇಲೆಗಳು ಗಿಟಾರಿನಂತೆ ಗಟ್ಟಿಮುಟ್ಟಾಗಿದ್ದು ದನಿಯೇ ಹೊರಡಲಿಲ್ಲ. ತೆಳುವಾಗಿ ಕಟ್ಟಬೇಕೆಂದು ಅರಿತು 1916ರ ಹೊತ್ತಿಗೆ ಮತ್ತೆ ಶುರುಮಾಡಿದಾಗ ಬೇಡಿಕೆ ಪೂರೈಸಲು ಕಾರ್ಖಾನೆಯನ್ನೇ ವಿಸ್ತರಿಸಬೇಕಾಯಿತು. ಅದೇ 1916ರಲ್ಲಿ ಹೊನೊಲುಲುವಿನ ಸ್ಯಾಮ್ಯುಯೆಲ್ ಕಮಾಕಾ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೆಲಸ ಆರಂಭಿಸಿದ. ನಡು ಸಣ್ಣಗಿರದ, ಅನಾನಸಿನ ಆಕಾರದ ಯುಕುಲೇಲೆ ಅವನದೇ, 1928ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಮಾಕಾ ಕುಟುಂಬ ಇಂದಿಗೂ ಹೊನೊಲುಲುವಿನಲ್ಲೇ ವಾದ್ಯ ಮಾಡುತ್ತಿದೆ.

1920ರ ದಶಕದ ಅಮೆರಿಕದಲ್ಲಿ ಯುಕುಲೇಲೆ ಕಾಲೇಜು ಹುಡುಗರ ಕೈಯ ಆಟವಾಯಿತು. ‘ಯುಕುಲೇಲೆ ಐಕ್’ ಎಂದೇ ಹೆಸರಾದ ಕ್ಲಿಫ್ ಎಡ್ವರ್ಡ್ಸ್‌ನ ಹಾಡಿನ ತಟ್ಟೆಗಳು ಭರದಿಂದ ಮಾರಾಟವಾದವು. ಮುಂದೆ ಡಿಸ್ನಿಯ ‘ಪಿನೋಕಿಯೊ’ ಚಿತ್ರದ ಜೀರುಂಡೆಗೆ ದನಿ ಕೊಟ್ಟವನೂ ಇವನೇ. ಆದರೆ ಆ ದಶಕದಲ್ಲಿ ಹೆಚ್ಚು ಬಾಳಿಕೆಯ ಕೆಲಸ ಮಾಡಿದವಳು ಮೇ ಸಿಂಗಿ ಬ್ರೀನ್. ಹಾಡಿನ ಸ್ವರಲಿಪಿಯ ಮೇಲೆ ಬೆರಳಿಡಬೇಕಾದ ಜಾಗ ತೋರಿಸುವ ಪುಟ್ಟ ಚೌಕಗಳನ್ನು ಅಚ್ಚುಹಾಕುವಂತೆ ಪ್ರಕಾಶಕರನ್ನು ಒಪ್ಪಿಸಿದಳು. ಸ್ವರಲಿಪಿ ಓದಲು ಬಾರದವರಿಗೂ ಹಾಡು ನುಡಿಸಲು ಬಂತು. ಇದನ್ನೊಂದು ವಾದ್ಯವೆಂದೇ ಪರಿಗಣಿಸದ ಸಂಗೀತಗಾರರ ಸಂಘದೊಡನೆಯೂ ಅವಳು ಜಗಳವಾಡಿದಳು. ಇನ್ನು ರಿಚರ್ಡ್ ಕೋಂಟರ್ ಎಂಬ ನಾವಿಕನ ಹುಚ್ಚು ಬೇರೆ ಬಗೆಯದು. 1926ರಲ್ಲಿ ಉತ್ತರ ಧ್ರುವದತ್ತ ಹಾರಿದ ಅನ್ವೇಷಕ ಬರ್ಡ್‌ನ ವಿಮಾನದಲ್ಲಿ ಗುಟ್ಟಾಗಿ ತನ್ನ ಯುಕುಲೇಲೆಯನ್ನು ಇರಿಸಿದ. ವಿಮಾನ ನಿಜಕ್ಕೂ ಧ್ರುವ ಮುಟ್ಟಿತೇ ಎಂಬ ಬಗ್ಗೆ ತಕರಾರಿದೆ. ಅನ್ವೇಷಕರೂ ಗಣ್ಯರೂ ಸಹಿ ಹಾಕಿದ ಆ ವಾದ್ಯ ಈಗ ಮಾರ್ಟಿನ್ ಕಂಪನಿಯ ಸಂಗ್ರಹಾಲಯದಲ್ಲಿದೆ.

ಬ್ರಿಟನ್ನಿನಲ್ಲಿ ಚರ್ಮ ಬಿಗಿದ ಬ್ಯಾಂಜೊ ಮೈಗೆ ಯುಕುಲೇಲೆಯ ಕತ್ತು ಜೋಡಿಸಿದ ‘ಬ್ಯಾಂಜೊಲೇಲೆ’ ಬಳಕೆಗೆ ಬಂತು. ಲ್ಯಾಂಕಾಶೈರಿನ ಹಾಸ್ಯನಟ ಜಾರ್ಜ್ ಫಾರ್ಂಬಿ ಅದರ ದೊರೆ. ಕಿಟಕಿ ಒರೆಸುವವನ ಬಗೆಗಿನ ಅವನ 1936ರ ಪೋಲಿ ಹಾಡನ್ನು ಬಿಬಿಸಿ ಪ್ರಸಾರ ಮಾಡಲು ಒಪ್ಪಲಿಲ್ಲ. ಅವನು ತೀರಿಕೊಂಡ 1961ರಲ್ಲೇ ಹುಟ್ಟಿದ ಅಭಿಮಾನಿ ಸಂಘ ಇಂದಿಗೂ ಸಭೆ ಸೇರುತ್ತದೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಸಹ ಫಾರ್ಂಬಿ ಅಭಿಮಾನಿ. ಅವನ ನೆನಪಿಗೆ 2002ರಲ್ಲಿ ಲಂಡನ್ನಿನಲ್ಲಿ ನಡೆದ ಕಛೇರಿಯಲ್ಲಿ ಪಾಲ್ ಮೆಕಾರ್ಟ್ನಿ ಗೆಳೆಯನ ಹಾಡನ್ನು ಯುಕುಲೇಲೆ ಹಿಡಿದೇ ಆರಂಭಿಸಿದ.

1930ರ ದಶಕದ ಮುಗ್ಗಟ್ಟಿನಲ್ಲಿ ಅಮೆರಿಕದ ಹುಚ್ಚು ಇಳಿಯಿತು. ಮತ್ತೆ ಏರಿಸಿದ್ದು ಪ್ಲಾಸ್ಟಿಕ್. ಇಟಲಿಯಿಂದ ಬಂದ ಮಾರಿಯೊ ಮಾಕಫೆರ್ರಿ ಒಂದು ಕಾಲದಲ್ಲಿ ಪ್ಯಾರಿಸಿನ ಗಿಟಾರುಗಳನ್ನು ರೂಪಿಸಿದ್ದವನು; ಅಮೆರಿಕದಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಅಚ್ಚೊತ್ತುತ್ತಿದ್ದ. ಅದೇ ಅಚ್ಚಿನ ವಿದ್ಯೆಯಿಂದ 1949ರಲ್ಲಿ ‘ಐಲ್ಯಾಂಡರ್’ ಎಂಬ ಯುಕುಲೇಲೆ ತಂದ. ಬೆಲೆ ಆರು ಡಾಲರಿನ ಒಳಗೆ. ಟಿವಿಯಲ್ಲಿ ಯುಕುಲೇಲೆ ಪಾಠ ಹೇಳುತ್ತಿದ್ದ ಆರ್ಥರ್ ಗಾಡ್‌ಫ್ರೀ ಹೊಗಳಿದ ಮೇಲೆ ಲಕ್ಷಗಟ್ಟಲೆ ಮಾರಿಹೋಯಿತು. ಇಪ್ಪತ್ತು ವರ್ಷಗಳಲ್ಲಿ ಮಾಕಫೆರ್ರಿಯ ಪ್ಲಾಸ್ಟಿಕ್ ವಾದ್ಯಗಳು ತೊಂಬತ್ತು ಲಕ್ಷ ಮಾರಾಟವಾದವೆನ್ನುತ್ತಾರೆ. ಶ್ರುತಿ ನಿಲ್ಲುವ ಪ್ಲಾಸ್ಟಿಕ್ ವಾದ್ಯವದು, ಹೀಗಳೆಯುವಂತಿರಲಿಲ್ಲ. ಆದರೆ ಅಂಗಡಿಯ ಆಟಿಕೆಗಳ ಸಾಲಿಗೆ ಸೇರಿದ್ದೂ ಅದರಿಂದಲೇ. 1968ರಲ್ಲಿ ಟೈನಿ ಟಿಮ್ ಕೀರಲು ದನಿಯಲ್ಲಿ ಹೂದೋಟದ ಹಳೆಯ ಹಾಡೊಂದನ್ನು ಹಾಡಿದಾಗ ವಾದ್ಯ ಪೂರ್ತಿ ನಗೆಪಾಟಲಾಯಿತು. ಹಳೆಯ ಹಾಡುಗಳ ಭಂಡಾರವನ್ನೇ ಬಾಯಲ್ಲಿಟ್ಟುಕೊಂಡಿದ್ದ ಆತನಿಗೆ ಇದು ಅನ್ಯಾಯವೇ ಸರಿ.

ಮುಂದಿನ ಎರಡು ದಶಕ ದೊಡ್ಡ ವೇದಿಕೆಗಳಿಗೆ ಯುಕುಲೇಲೆ ಬೇಡವಾಗಿತ್ತು. ಅದನ್ನು ಉಳಿಸಿದವರು ಮೇಷ್ಟ್ರುಗಳು ಮತ್ತು ಸಂಘಗಳು. ಜಪಾನಿನಲ್ಲಿ, ಹೊನೊಲುಲುವಿನಲ್ಲೇ ಹುಟ್ಟಿದ ಯುಕಿಹಿಕೊ ಹೈದಾ 1959ರಲ್ಲಿ ನಿಹೊನ್ ಯುಕುಲೇಲೆ ಸಂಘ ಕಟ್ಟಿದ್ದ. ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಜೆ. ಚಾಮರ್ಸ್ ಡೋನ್ 1960ರ ದಶಕದ ಕೊನೆಯಿಂದ ಶಾಲಾ ಮಕ್ಕಳಿಗೆ ಇದರ ಮೂಲಕವೇ ಸಂಗೀತ ಕಲಿಸಿದ. ಹವಾಯಿಯಲ್ಲಿ ಎಡ್ಡಿ ಕಮಾಯೆ ಮತ್ತು ಅವನ ಬಳಿ ಕಲಿತ ಹರ್ಬ್ ಓಟಾ ಬರಿಯ ತಾಳದ ಸವರಿಕೆ ಬಿಟ್ಟು ಒಂದೊಂದೇ ತಂತಿ ಮೀಟಿ ರಾಗ ನುಡಿಸುವ ದಾರಿ ತೆರೆದರು. ರಾಯ್ ಸಕುಮಾ 1971ರಲ್ಲಿ ಹೊನೊಲುಲುವಿನ ಯುಕುಲೇಲೆ ಉತ್ಸವ ಆರಂಭಿಸಿದ.

ಹವಾಯಿಯ ಗಾಯಕ ಇಸ್ರೇಲ್ ಕಮಕವಿವೊಓಲೆ 1988ರಲ್ಲಿ ಒಂದು ನಡುರಾತ್ರಿ ಹೊನೊಲುಲುವಿನ ಸ್ಟುಡಿಯೊಕ್ಕೆ ಬಂದು ಕಾಮನಬಿಲ್ಲಿನ ಹಾಡೊಂದನ್ನು ಯುಕುಲೇಲೆಯೊಂದನ್ನೇ ಜೊತೆಗಿಟ್ಟುಕೊಂಡು ಒಂದೇ ಸಲಕ್ಕೆ ಹಾಡಿ ಹೋದ. ಅದು ಹೊರಬಂದದ್ದು 1993ರ ‘ಫೇಸಿಂಗ್ ಫ್ಯೂಚರ್’ ತಟ್ಟೆಯಲ್ಲಿ, ಲೋಕಕ್ಕೆ ತಲುಪಿದ್ದು ಇನ್ನೂ ತಡವಾಗಿ, ಜಾಹೀರಾತು ಮತ್ತು ಸಿನಿಮಾಗಳ ಮೂಲಕ. ಆ ಹೊತ್ತಿಗೆ ಅವನಿರಲಿಲ್ಲ. 1997ರಲ್ಲಿ ತೀರಿಕೊಂಡಾಗ ಕೋವಾ ಮರದ ಪೆಟ್ಟಿಗೆಯಲ್ಲಿ ಅವನ ದೇಹವನ್ನು ರಾಜ್ಯದ ಶಾಸನಭವನದಲ್ಲಿ ದರ್ಶನಕ್ಕಿರಿಸಿದ್ದರು. ಹೊರಗಿನವರು ಅವನನ್ನು ಬಲ್ಲದ್ದು ಈ ಮೆದು ಹಾಡಿನಿಂದ. ತನ್ನ ಜನರಿಗೆ ಅವನು ಕಳೆದುಹೋದ ರಾಜ್ಯದ ಬಗ್ಗೆ ಹಾಡಿದವನೂ ಹೌದು, ಆ ಅರ್ಥದಲ್ಲಿ ಕಲಾಕೌವಾನ ಕಾಲದ ಯುಕುಲೇಲೆಗೆ ನೇರ ವಾರಸುದಾರ. 2015ರಲ್ಲಿ ಹವಾಯಿ ಸರ್ಕಾರ ಇದನ್ನು ರಾಜ್ಯದ ಅಧಿಕೃತ ಆಧುನಿಕ ವಾದ್ಯವೆಂದು ಸಾರಿತು.

ಇಂದಿನ ಅಭಿಮಾನಿ ಬಳಗದ ಬೇರು 1990ರ ದಶಕದಲ್ಲಿದೆ. ಕ್ಯಾಲಿಫೋರ್ನಿಯಾದ ಸಂತೆಯೊಂದರಲ್ಲಿ 1992ರಲ್ಲಿ ಹಳೆಯ ಮಾರ್ಟಿನ್ ಯುಕುಲೇಲೆ ಕೊಂಡ ಜಿಮ್ ಬೆಲಾಫ್ ಹಾಡಿನ ಪುಸ್ತಕಗಳನ್ನೂ 1997ರಲ್ಲಿ ಸಚಿತ್ರ ಇತಿಹಾಸವನ್ನೂ ತಂದ. ಬ್ರಿಟನ್ನಿನಲ್ಲಿ 1985ರಲ್ಲಿ ಹುಟ್ಟಿದ ಯುಕುಲೇಲೆ ಆರ್ಕೆಸ್ಟ್ರಾ 2009ರಲ್ಲಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದಾಗ ಕೇಳಲು ಬಂದವರೂ ತಮ್ಮ ತಮ್ಮ ವಾದ್ಯ ತಂದು ಬೀಥೋವನ್ನನ ಆನಂದಗೀತೆಗೆ ದನಿಗೂಡಿಸಿದರು. ಹವಾಯಿಯ ವಾದಕ ಜೇಕ್ ಶಿಮಾಬುಕುರೊ ನ್ಯೂಯಾರ್ಕಿನ ಉದ್ಯಾನದಲ್ಲಿ ಕೂತು ಹ್ಯಾರಿಸನ್ನನ ಹಾಡು ನುಡಿಸಿದ ವಿಡಿಯೊ 2006ರಲ್ಲಿ ಯೂಟ್ಯೂಬಿನಲ್ಲಿ ಹರಡಿದ್ದೇ ತಡ, ನಾಲ್ಕು ತಂತಿಗೆ ಇಷ್ಟು ಸಾಧ್ಯವೇ ಎಂದು ಬೆರಗಾದವರು ಅಂಗಡಿಗೆ ಓಡಿದರು. ವಾರಕ್ಕೊಮ್ಮೆ ಕೂಡಿ, ಎಲ್ಲರೂ ಒಂದೇ ಹಾಳೆ ನೋಡಿ ಹಾಡುವ ಸಂಘಗಳು ಈ ಬಳಗದ ಜೀವ. ಅಲ್ಲಿ ಕೇಳುವವರು ಬೇರೆ, ನುಡಿಸುವವರು ಬೇರೆ ಎಂಬುದಿಲ್ಲ. ನಮ್ಮ ಭಜನಾ ಮಂಡಳಿಗಳ ಲಯವೇ ಅದು. ಮೇಲಿನ ಪಂಚಮ ತಂತಿಯನ್ನು ತಗ್ಗಿಸಬೇಕೇ ಬೇಡವೇ ಎಂಬ ಜಗಳ, ಒಂದಿದ್ದರೂ ಇನ್ನೊಂದು ಕೊಳ್ಳುವ ಚಟವನ್ನು ಕಾಯಿಲೆಯೆಂದು ತಾವೇ ಗೇಲಿ ಮಾಡಿಕೊಳ್ಳುವುದು ಇವೆಲ್ಲ ಆ ಬಳಗದ ರೂಢಿಗಳು.

ಭಾರತಕ್ಕೆ ಹವಾಯಿ ಸಂಗೀತ ಬಂದು ನೂರು ವರ್ಷವಾಗಿದೆ. ಪ್ರವಾಸಿ ತಂಡಗಳು ಇಲ್ಲಿ ನುಡಿಸಿದವು, ಅಂಥದೊಂದು ತಂಡವಾದ ಟೌ ಮೋಯೆ ಕುಟುಂಬ 1940ರ ದಶಕದಲ್ಲಿ ಕಲ್ಕತ್ತದಲ್ಲೇ ನೆಲೆಸಿತ್ತು. ಆದರೆ ನಮ್ಮವರು ಎತ್ತಿಕೊಂಡದ್ದು ಯುಕುಲೇಲೆಯನ್ನಲ್ಲ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ಹವಾಯಿ ಗಿಟಾರನ್ನು. ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರ ಕೈಯಲ್ಲಿ ಅದು ರಾಗಸಂಗೀತದ ವಾದ್ಯವೇ ಆಯಿತು. ಕಾರಣ ಸ್ಪಷ್ಟ: ಮೀಂಡಿಗೂ ಗಮಕಕ್ಕೂ ದನಿ ಜಾರಬೇಕು, ನಿಲ್ಲಬೇಕು. ಯುಕುಲೇಲೆಯ ಗಿಡ್ಡ ತಂತಿಯ ದನಿ ಹುಟ್ಟಿದ ಕ್ಷಣದಲ್ಲೇ ಆರುತ್ತದೆ. ಭಾವಗೀತೆಗೆ, ಶಿಶುಗೀತೆಗೆ ಜೊತೆ ಕೊಡಲು ಮಾತ್ರ ಇದು ಹೇಳಿಮಾಡಿಸಿದಂತಿದೆ. ಈಗ ಬೆಂಗಳೂರಿನ ವಾದ್ಯದಂಗಡಿಗಳಲ್ಲೂ ಸುಲಭವಾಗಿ ಸಿಗುತ್ತದೆ. ಹೊಸದಾಗಿ ಕೊಂಡವರು ಒಂದನ್ನು ತಿಳಿದಿರಬೇಕು: ನೈಲಾನ್ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ನಿಲ್ಲದಿದ್ದರೆ ವಾದ್ಯ ಕೆಟ್ಟಿದೆಯೆಂದು ವಾಪಸು ಕೊಡಬೇಡಿ, ಬಿರಡೆ ತಿರುಗಿಸುತ್ತಿರಿ.