ಕಲ್ಲಟ್ಟಿ ಘಾಟಿ: ಜೀಪಿನ ಕ್ಯಾರಿಯರ್ ಮೇಲೆ ಎಷ್ಟು ಹೊರೆ, ಹೇಗೆ ಕಟ್ಟಬೇಕು?

ಕಲ್ಲಟ್ಟಿ: ಊಟಿಯಿಂದ ತಲೈಕುಂದ ಮಾರ್ಗವಾಗಿ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ ಒಟ್ಟು 36 ಹೇರ್‌ಪಿನ್ ತಿರುವುಗಳಿವೆ. ತಮಿಳಿನಲ್ಲಿ ಇವನ್ನೇ 'ಕೊಂಡೈ ಊಸಿ ವಳೈವು' ಎನ್ನುತ್ತಾರೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದ್ದರೆ ಮಸಿನಗುಡಿ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಗೂಡಲೂರು ಸುತ್ತಿ ಹೋಗುವುದಕ್ಕಿಂತ ಈ ದಾರಿ ಅರ್ಧಕ್ಕೂ ಕಡಿಮೆ ದೂರ. ಆದ್ದರಿಂದ ತರಕಾರಿ ಮೂಟೆ, ಪೈಪು, ಏಣಿ, ಮದುವೆ ಮನೆಯ ಪಾತ್ರೆ ಎಲ್ಲವೂ ಜೀಪಿನ ತಲೆಯ ಮೇಲೇರಿ ಇದೇ ದಾರಿಯಲ್ಲಿ ಸಾಗುತ್ತವೆ. ಇತ್ತೀಚೆಗೆ ಟೆಂಟು, ಹೆಚ್ಚುವರಿ ಚಕ್ರ, ನೀರಿನ ಕ್ಯಾನು ಹೊತ್ತ ಪ್ರವಾಸಿ ವಾಹನಗಳೂ ಸೇರಿವೆ.

2018ರ ಅಕ್ಟೋಬರ್‌ನಲ್ಲಿ ಚೆನ್ನೈನ ಪ್ರವಾಸಿಗರ ಕಾರೊಂದು ಈ ಘಾಟಿಯಲ್ಲಿ ಕಣಿವೆಗೆ ಉರುಳಿ ಐವರು ಮೃತಪಟ್ಟರು. ಕಾರು ಬಿದ್ದಿರುವುದು ಪತ್ತೆಯಾಗಲು ಎರಡು ದಿನ ಹಿಡಿಯಿತು. ಆ ನಂತರ ಜಿಲ್ಲಾಡಳಿತವು ಹೊರ ಜಿಲ್ಲೆಯ ವಾಹನಗಳು ಊಟಿ ಕಡೆಯಿಂದ ಇಳಿಯುವುದಕ್ಕೆ ನಿರ್ಬಂಧ ಹೇರಿತು. ಆ ಅಪಘಾತಕ್ಕೂ ಕ್ಯಾರಿಯರ್‌ಗೂ ಸಂಬಂಧವಿಲ್ಲ. ಆದರೆ ಬರಿ ತಲೆಯ ವಾಹನಕ್ಕೇ ಇಷ್ಟು ಕಠಿಣವಾದ ದಾರಿಯಲ್ಲಿ ತಲೆಭಾರದ ವಾಹನದ ಗತಿ ಏನೆಂಬುದನ್ನು ಸ್ಥಳೀಯರು ಲೆಕ್ಕ ಹಾಕಲೇಬೇಕು.

ತಲೆಭಾರದ ಲೆಕ್ಕ

1,600 ಕಿಲೋ ತೂಕದ ಒಂದು ಜೀಪ್ ಇದೆ ಎಂದಿಟ್ಟುಕೊಳ್ಳಿ. ಅದರ ಭಾರಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ, ಎರಡು ಬದಿಯ ಚಕ್ರಗಳ ನಡುವಿನ ಅಂತರ 140 ಸೆಂಟಿಮೀಟರ್. ನೆಲದಿಂದ 190 ಸೆಂಟಿಮೀಟರ್ ಎತ್ತರದಲ್ಲಿ 75 ಕಿಲೋ ಹೇರಿದರೆ ಭಾರಕೇಂದ್ರ ಸುಮಾರು 5 ಸೆಂಟಿಮೀಟರ್ ಮೇಲೇರುತ್ತದೆ. ಅದೇ ಜಾಗದಲ್ಲಿ 200 ಕಿಲೋ ಇಟ್ಟರೆ 13 ಸೆಂಟಿಮೀಟರ್ ಮೇಲೇರುತ್ತದೆ. ಆಗ ತಿರುವಿನಲ್ಲಿ ಮಗುಚದೆ ನಿಲ್ಲುವ ಶಕ್ತಿ ಆರನೇ ಒಂದು ಪಾಲು ಕುಸಿಯುತ್ತದೆ. ಬಯಲಿನ ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೇರ್‌ಪಿನ್ ತಿರುವಿನಲ್ಲಿ, ರಸ್ತೆ ಹೊರಬದಿಗೆ ವಾಲಿರುವ ಕಡೆ, ಚಾಲಕನಿಗೆ ಗೊತ್ತಾಗುವಷ್ಟರಲ್ಲಿ ಒಳಬದಿಯ ಚಕ್ರ ಹಗುರಾಗಿರುತ್ತದೆ.

ಹೆಚ್ಚಿನ ಕಂಪನಿಗಳು ಛಾವಣಿಗೆ ಕೊಡುವ ಮಿತಿ 50ರಿಂದ 100 ಕಿಲೋ. ವಾಹನದ ಜೊತೆ ಬರುವ ಕೈಪಿಡಿಯಲ್ಲಿ ಇದು ಇರುತ್ತದೆ, ಯಾರೂ ಓದುವುದಿಲ್ಲ ಅಷ್ಟೆ. ಈ ಮಿತಿಯೊಳಗೆ ಕ್ಯಾರಿಯರ್‌ನ ತೂಕವೂ ಸೇರಿದೆ ಎಂಬುದು ಗಮನಿಸಬೇಕಾದ ಅಂಶ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಿಂದ ಮಾಡಿಸಿದ ಕ್ಯಾರಿಯರ್ 30-40 ಕಿಲೋ ತೂಗುವುದು ಸಾಮಾನ್ಯ. ಅದರ ಮೇಲೆ ಒಂದು ಹೆಚ್ಚುವರಿ ಚಕ್ರ ಮತ್ತು 20 ಲೀಟರಿನ ಒಂದು ನೀರಿನ ಕ್ಯಾನ್ ಇಟ್ಟರೆ ಅನೇಕ ವಾಹನಗಳ ಮಿತಿ ಅಲ್ಲಿಗೇ ಮುಗಿಯಿತು. ತುಂಬಿದ ಅಡುಗೆ ಅನಿಲದ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಮೇಲೆ ಹೊರುವುದು ತೂಕದ ದೃಷ್ಟಿಯಿಂದಲೂ ತಪ್ಪು, ಬೇರೆ ದೃಷ್ಟಿಯಿಂದಂತೂ ಹೇಳಬೇಕಾಗಿಲ್ಲ. ಪೆಟ್ರೋಲ್, ಡೀಸೆಲ್ ಕ್ಯಾನುಗಳಿಗೂ ಇದೇ ಮಾತು.

ಭಾರವಾದದ್ದು ವಾಹನದ ಒಳಗೆ, ನೆಲಮಟ್ಟದಲ್ಲಿ, ಹಿಂದಿನ ಸೀಟಿಗೆ ಒತ್ತಿಕೊಂಡಂತೆ ಇರಲಿ. ಹಾಸಿಗೆ, ಟಾರ್ಪಾಲು, ಖಾಲಿ ಬುಟ್ಟಿಯಂಥ ಹಗುರ ಸಾಮಾನು ಮೇಲೆ ಹೋಗಲಿ.

ಕೂರಿಸುವ ಬಗೆ

ಮಳೆನೀರು ಹರಿಯುವ ತಗಡಿನ ಅಂಚು ಇರುವ ಹಳೆಯ ಮಾದರಿಗಳಿಗೆ ಕ್ಲಾಂಪ್ ಹಾಕಿ ಬಿಗಿಯುವ ಕ್ಯಾರಿಯರ್ ಒಳ್ಳೆಯದು, ಛಾವಣಿಗೆ ತೂತು ಬೀಳುವುದಿಲ್ಲ. ಅಂಚಿಲ್ಲದ ಹೊಸ ವಾಹನಗಳಲ್ಲಿ ಕಂಪನಿಯೇ ಕೊಟ್ಟ ರೈಲು ಅಥವಾ ಬೋಲ್ಟ್ ಜಾಗಗಳನ್ನೇ ಬಳಸಬೇಕು. ಕೆಲವು ರೈಲುಗಳು ಬರೀ ಅಂದಕ್ಕೆ ಅಂಟಿಸಿದವು, ಅವು ಭಾರ ತಡೆಯುವುದಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಕ್ಯಾನ್ವಾಸ್ ಟಾಪಿನ ಜೀಪಿಗೆ ಛಾವಣಿಯೇ ಆಸರೆಯಲ್ಲ. ಬಾಡಿಯಿಂದಲೇ ಎದ್ದ ಕಂಬಗಳ ಮೇಲೆ ಕ್ಯಾರಿಯರ್ ನಿಲ್ಲಬೇಕು.

ತೂತು ಕೊರೆಯಲೇಬೇಕಾದರೆ ಕೊರೆದ ಅಂಚಿಗೆ ಬಣ್ಣ ಹಚ್ಚಿ, ರಬ್ಬರ್ ವಾಷರ್ ಇಟ್ಟು, ಸಿಲಿಕಾನ್ ಹಾಕಿ, ಸ್ಟೀಲ್ ಬೋಲ್ಟಿಗೆ ತಾನಾಗಿ ಸಡಿಲವಾಗದ ನೈಲಾಕ್ ನಟ್ ಹಾಕಿಸಿ. ನೀಲಗಿರಿಯ ಮಳೆಗೆ ಒಂದು ಸಣ್ಣ ತೂತು ಸಾಕು, ಎರಡು ಮಳೆಗಾಲದಲ್ಲಿ ಛಾವಣಿ ತುಕ್ಕು ಹಿಡಿಯುತ್ತದೆ. ಹೊಸದಾಗಿ ಹಾಕಿಸಿದ ಮೇಲೆ ಮೊದಲ 50 ಕಿಲೋಮೀಟರ್ ಓಡಿಸಿ ಎಲ್ಲ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ.

ಕಟ್ಟುವುದರಲ್ಲಿ ಹೆಚ್ಚಿನವರು ಎಡವುವುದು ಹಗ್ಗದ ವಿಷಯದಲ್ಲಿ. ನೈಲಾನ್ ಹಗ್ಗ ನೆನೆದಾಗ ಹಿಗ್ಗುತ್ತದೆ. ತಲೈಕುಂದದ ಮಂಜಿನಲ್ಲಿ ಬಿಗಿಯಾಗಿ ಕಟ್ಟಿದ ಗಂಟು ಹತ್ತನೇ ತಿರುವಿಗೆ ಸಡಿಲಾಗಿರಬಹುದು. ರಾಚೆಟ್ ಇರುವ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಹೊರೆ ಪಕ್ಕಕ್ಕೆ ಸರಿಯದಂತೆ ಅಡ್ಡಡ್ಡ ಎರಡು ಪಟ್ಟಿ, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರದಂತೆ ಉದ್ದಕ್ಕೆ ಒಂದು ಪಟ್ಟಿ ಬೇಕು. ಇಳಿಜಾರಿನಲ್ಲಿ ಹೊರೆಯೆಲ್ಲ ಮುಂದಕ್ಕೇ ತಳ್ಳುವುದರಿಂದ ಈ ಮೂರನೆಯದೇ ಮುಖ್ಯ. ರಬ್ಬರ್ ಕೊಕ್ಕೆಗಳು ಟಾರ್ಪಾಲು ಹಿಡಿಯಲು ಮಾತ್ರ. ಸಲಿಕೆ, ಜಾಕ್, ಕೊಡಲಿಯಂಥವನ್ನು ಪ್ರತ್ಯೇಕ ಕ್ಲಾಂಪಿನಲ್ಲಿ ಬಿಗಿಯಬೇಕು. ಬಿಡಿಯಾಗಿಟ್ಟ ಜಾಕ್ ಹಾರಿಬಿದ್ದರೆ ಹಿಂದೆ ಬರುವ ಬೈಕಿನವನ ಪ್ರಾಣಕ್ಕೇ ಕುತ್ತು.

ಪಿವಿಸಿ ಪೈಪು, ಬಿದಿರು, ಏಣಿ ಸಾಗಿಸುವ ರೈತರಿಗೆ ಒಂದು ಮಾತು. ಹೇರ್‌ಪಿನ್ ತಿರುವಿನಲ್ಲಿ ಮುಂದೆ ಚಾಚಿದ ಪೈಪು ಗುಡ್ಡಕ್ಕೋ ಎದುರು ಬರುವ ಬಸ್ಸಿಗೋ ತಾಗುತ್ತದೆ. ಕಾನೂನೂ ಇದನ್ನು ಒಪ್ಪುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೊರೆಯು ಅನುಮತಿಸಿದ ಮಿತಿ ಮೀರಿ ಬದಿಗೆ, ಮುಂದೆ, ಹಿಂದೆ ಅಥವಾ ಎತ್ತರಕ್ಕೆ ಚಾಚಿದರೆ 20,000 ರೂ. ದಂಡ, ಜೊತೆಗೆ ಇಳಿಸುವ ಖರ್ಚು. ವಾಹನದ ತಲೆಯ ಮೇಲೆ ಜನರನ್ನು ಕೂರಿಸುವುದು 1988ರ ಮೂಲ ಕಾಯ್ದೆಯಲ್ಲೇ ನಿಷಿದ್ಧ. ಮುಂಭಾಗದ ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಕ್ಯಾರಿಯರ್ ಜೊತೆಗೆ ಅದನ್ನೂ ಸೇರಿಸಿ ಮಾಡಿಕೊಡುವ ಅಂಗಡಿಯವರು ಈ ಮಾತು ಹೇಳುವುದಿಲ್ಲ.

ಕಾಡಿನ ದಾರಿ

ಕೆಳಗಿಳಿದರೆ ಸೀಗೂರು, ಮುಂದೆ ಮುದುಮಲೈ ಹುಲಿ ಸಂರಕ್ಷಿತ ಪ್ರದೇಶ. ಕ್ಯಾರಿಯರ್ ಮೇಲೆ ಬಾಳೆಗೊನೆ, ಕಬ್ಬು, ಹಲಸು ಇದ್ದರೆ ಕೋತಿಗಳ ಕಾಟ ತಪ್ಪದು. ಚಾಮರಾಜನಗರ - ಸತ್ಯಮಂಗಲ ರಸ್ತೆಯ ಹಾಸನೂರು ಬಳಿ ಆನೆಗಳು ಕಬ್ಬಿನ ಲಾರಿ ತಡೆದು ನಿಲ್ಲಿಸುವುದನ್ನು ಗಡಿಭಾಗದವರು ಬಲ್ಲರು. ತಿನ್ನುವ ವಸ್ತು ವಾಹನದೊಳಗಿರಲಿ. ಛಾವಣಿಯ ಮೇಲಿನ ಪ್ರಖರ ದೀಪಗಳಿಗೆ ಮುಚ್ಚಳ ಹಾಕಿರಲಿ, ಎದುರಿನ ಚಾಲಕನ ಕಣ್ಣಿಗೂ ಪ್ರಾಣಿಗಳಿಗೂ ಅವು ಹಿಂಸೆ. ಗುಂಡ್ಲುಪೇಟೆ ಕಡೆಗೆ ಹೋಗುವವರು ಬಂಡೀಪುರ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ನೆನಪಿಟ್ಟು ಹೊರೆ ಕಟ್ಟುವ ಸಮಯ ಲೆಕ್ಕ ಹಾಕಬೇಕು. 2009ರಿಂದ ಈ ನಿಯಮವಿದೆ.

ಇಳಿಯುವಾಗ ಮೊದಲ ಅಥವಾ ಎರಡನೇ ಗೇರ್ ಮಾತ್ರ. ಯಾವ ಗೇರಿನಲ್ಲಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಘಾಟಿ ಚಾಲಕರ ಹಳೆಯ ಲೆಕ್ಕ. ಬ್ರೇಕನ್ನೇ ನಂಬಿ ತುಳಿಯುತ್ತಾ ಬಂದರೆ ಅದು ಕಾದು ಹಿಡಿತ ಬಿಡುತ್ತದೆ, ಹೊರೆ ಹೆಚ್ಚಿದಷ್ಟೂ ಬೇಗ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ತಣ್ಣಗಾಗಲು ಬಿಡಿ. ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ. ಆ ಬಿಡುವಿನಲ್ಲಿ ಮೇಲಿನ ಪಟ್ಟಿಗಳನ್ನು ಇನ್ನೊಮ್ಮೆ ಎಳೆದು ನೋಡಬಹುದು.