ಗೋರಿಗಳ ಊರಿನಲ್ಲಿ ನೀರಿನ ಹಾದಿ

ವಿಜಯಪುರದವರಾದ ನಾವು ಗೋಳಗುಮ್ಮಟದ ಮೆಟ್ಟಿಲು ಹತ್ತುವುದು ಮನೆಗೆ ನೆಂಟರು ಬಂದಾಗಲೇ. ಅವರಿಗೆ ತೋರಿಸುವ ದಾರಿಯೂ ಹೆಚ್ಚುಕಡಿಮೆ ಗೊತ್ತಾದದ್ದೇ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ, ಅದರೊಳಗೆ ಪಿಸುಮಾತಿನ ಮಾರ್ದನಿ. ಅಲ್ಲಿಂದ ಜಾಮಿಯಾ ಮಸೀದಿ, ಕೊನೆಗೆ ಇಬ್ರಾಹಿಂ ರೋಜಾ. ಸಂಜೆಯ ಹೊತ್ತಿಗೆ ನೆಂಟರ ಮನಸ್ಸಿನಲ್ಲಿ ಉಳಿಯುವ ಚಿತ್ರ ಒಂದೇ: ಇದು ಗೋರಿಗಳ ಊರು.

ಆದರೆ ಹೊಸ ಕಣ್ಣು ನಾವು ತೋರಿಸಿದ್ದನ್ನಷ್ಟೇ ನೋಡುವುದಿಲ್ಲ. ಮನೆಗಳ ನಡುವೆ ನಿಂತ ಚೌಕಾಕಾರದ ಕಲ್ಲಿನ ಗೋಪುರ ಕಂಡು, "ಇದೂ ಯಾರದರೆ ಗೋರಿ ಏನ್ರಿ?" ಎಂದು ಕೇಳುತ್ತದೆ. ಅದು ಗೋರಿಯಲ್ಲ, ಗಂಜ್. ಆದಿಲ್ ಶಾಹಿ ಕಾಲದ ನೀರಿನ ಗೋಪುರ. ದೂರದಿಂದ ಕೊಳವೆಯಲ್ಲಿ ರಭಸವಾಗಿ ಬಂದ ನೀರು ಈ ಗೋಪುರದೊಳಗೆ ಮೇಲೇರಿ ತನ್ನ ಒತ್ತಡ ಕಳೆದುಕೊಳ್ಳುತ್ತಿತ್ತು. ಹೂಳು ತಳಕ್ಕಿಳಿದ ಮೇಲೆ ತಿಳಿನೀರು ಮುಂದಿನ ಕೊಳವೆಗೆ ಸಾಗುತ್ತಿತ್ತು. ಈ ಏರ್ಪಾಡು ಇಲ್ಲದಿದ್ದರೆ ಮಣ್ಣಿನ ಕೊಳವೆಗಳು ಒಡೆದು ಹೋಗುತ್ತಿದ್ದವು.

ಆ ಪ್ರಶ್ನೆಯ ಬೆನ್ನು ಹತ್ತಿದರೆ ಊರಿನ ನಕ್ಷೆಯೇ ಬದಲಾಗುತ್ತದೆ. ಊರಿನ ದಕ್ಷಿಣಕ್ಕೆ 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಾಲಾಬ್ ಇದೆ. ಪಶ್ಚಿಮಕ್ಕೆ ತೊರವೆಯ ಕಡೆಯಿಂದ ನೆಲದಡಿ ಕೊರೆದ ಸುರಂಗದಲ್ಲಿ ನೀರು ಬರುತ್ತಿತ್ತು. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ, ನರಸಿಂಹನ ಗುಡಿಯಿರುವ ತೊರವೆಯೇ ಇದು. ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ನೌರಸಪುರವನ್ನು ಕಟ್ಟಿಸತೊಡಗಿದ್ದೂ ಇದೇ ತೊರವೆಯ ಬಳಿ. ಕನ್ನಡದ ಕಾವ್ಯ, ದಖನಿಯ ಹಾಡು, ಬಾದಶಾಹನ ರಾಜಧಾನಿಯ ಕುಡಿಯುವ ನೀರು, ಮೂರಕ್ಕೂ ಒಂದೇ ನೆಲದ ನಂಟು.

ಬಾವಡಿಗಳ ಕತೆಯೂ ಹೀಗೆಯೇ. ಚಾಂದ್ ಬಾವಡಿ ಒಂದನೆಯ ಅಲಿ ಆದಿಲ್ ಶಾಹನ ಕಾಲದ್ದು, 1579ರದು. ಮಕ್ಕಾ ಬಾಗಿಲಿನ ಸಮೀಪದ ತಾಜ್ ಬಾವಡಿ 1620ರದು. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. ಅದರ ಕಮಾನಿನ ಎರಡೂ ಬದಿಗೆ ಪ್ರಯಾಣಿಕರು ತಂಗುವ ಕೋಣೆಗಳಿವೆ. ದಣಿದು ಬಂದ ಮುಸಾಫಿರನಿಗೆ ಅಂದಿನ ವಿಜಾಪುರ ಮೊದಲು ತೋರಿಸಿದ್ದು ಗುಮ್ಮಟವನ್ನಲ್ಲ, ನೀರು ಮತ್ತು ನೆರಳನ್ನು.

1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ರಾಜಧಾನಿಯ ಪಟ್ಟ ಹೋಯಿತು. ಮುಂದೆ ಮನೆಗೆ ನಲ್ಲಿ ಬಂದಾಗ ಬಾವಡಿಗಳು ಕಸದ ಗುಂಡಿಗಳಾದವು. 2010ರ ದಶಕದಲ್ಲಿ ಹಲವು ಬಾವಡಿಗಳ ಹೂಳೆತ್ತಲಾಯಿತು. ಆಪತ್ತಿನಲ್ಲಿರುವ ಸ್ಮಾರಕಗಳ ಕಡೆಗೆ ಗಮನ ಸೆಳೆಯುವ 2020ರ ಜಾಗತಿಕ ಪಟ್ಟಿಯೊಂದರಲ್ಲಿ ಇಲ್ಲಿನ ಸುರಂಗ ಬಾವಡಿಗೂ ಜಾಗ ಸಿಕ್ಕಿತು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಬಾವಡಿ ಉಳಿಯುವುದಿಲ್ಲ. ಅದರ ದಂಡೆಯಲ್ಲಿ ಬದುಕುವವರಿಗೆ ಅದು ತಮ್ಮದೆನಿಸಬೇಕು.

2014ರಲ್ಲಿ ಊರಿನ ಹೆಸರು ಬಿಜಾಪುರದಿಂದ ವಿಜಯಪುರವಾಯಿತು. ಹೆಸರಿನ ಬಗ್ಗೆ ನಾವು ಆಡಿದಷ್ಟು ಮಾತು ನೀರಿನ ಬಗ್ಗೆ ಆಡಲಿಲ್ಲ. ಗೋರಿಗಳಲ್ಲಿ ಮಲಗಿದವರ ಹೆಸರು ಶಾಲೆಯ ಪುಸ್ತಕದಲ್ಲಿದೆ. ಸುರಂಗ ಕೊರೆದವರ, ಕೊಳವೆ ಸುಟ್ಟವರ, ಬಾವಡಿಗೆ ಕೊಡ ಹೊತ್ತು ಬಂದ ಹೆಂಗಸರ ಹೆಸರು ಯಾವ ತವಾರೀಖಿನಲ್ಲೂ ಇಲ್ಲ. ಬರಗಾಲಕ್ಕೆ ಹೆಸರಾದ ಈ ನೆಲದಲ್ಲಿ ಒಂದು ರಾಜಧಾನಿಯ ದಾಹ ತಣಿಸಿದವರು ಅವರು. ನಮ್ಮ ಮಕ್ಕಳಿಗೆ ಊರಿನ ಇತಿಹಾಸವನ್ನು ಅವರಿಂದಲೇ ಶುರು ಮಾಡಿ ಹೇಳಬೇಕು.