ಮಾರಲ್ ಸೈನ್ಸ್ ಪೀರಿಯಡ್ ಎಲ್ಲಿಂದ ಬಂತು?

ಈ ಸಂಚಿಕೆ ಒಂದೇ ಒಂದು ಪೀರಿಯಡ್ ಬಗ್ಗೆ. ಯಾರೂ ಫೇಲಾಗದ, ಮಾರ್ಕ್ಸ್ ಕಾರ್ಡಿನ ಕೊನೇ ಸಾಲಿನಲ್ಲಿ ಬರೀ ಗ್ರೇಡ್ ಇರ್ತಿದ್ದ ಮಾರಲ್ ಸೈನ್ಸ್ ಪೀರಿಯಡ್. ಕಾನ್ವೆಂಟಲ್ಲಿ ಓದಿದ ಎಷ್ಟೋ ಜನಕ್ಕೆ ಇದು ನೆನಪಿರುತ್ತೆ. ಬೆಲ್ ಹೊಡೆದ ಕೂಡಲೇ ಕ್ಲಾಸು ಎರಡಾಗೋದು. ಕ್ರಿಶ್ಚಿಯನ್ ಮಕ್ಕಳು ಎದ್ದು ಇನ್ನೊಂದು ಕೋಣೆಗೆ, ಧರ್ಮೋಪದೇಶಕ್ಕೆ ಹೋಗೋರು. ಅದನ್ನ ನಾವು ಕ್ಯಾಟೆಕಿಸಂ ಅಂತಿದ್ವಿ. ಉಳಿದವರು ಕೂತಲ್ಲೇ ಕೂತು ಮಾರಲ್ ಸೈನ್ಸ್. ಹೀಗೆ ಎರಡು ಮಾಡಿದ್ದು ಯಾರು, ಯಾವಾಗ ಅಂತ ಆಗ ನಾವು ಕೇಳಲಿಲ್ಲ. ಮಳೆ ಯಾಕೆ ಬರುತ್ತೆ ಅಂತಾದ್ರೂ ಕೇಳ್ತಿದ್ವಿ, ಇದನ್ನ ಕೇಳಲಿಲ್ಲ.

ನಾನು ಓದಿದ್ದು ದಾವಣಗೆರೆಯ ಒಂದು ಸಣ್ಣ ಶಾಲೆಯಲ್ಲಿ. 1990ರ ದಶಕ. ಆಗಿನ್ನೂ ನಮ್ಮದು ಚಿತ್ರದುರ್ಗ ಜಿಲ್ಲೆ, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಹೆಂಚಿನ ಕಟ್ಟಡ, ಬೇವಿನ ಮರ, ಮೂವರು ಸಿಸ್ಟರು, ಉಳಿದ ಟೀಚರು ಎಲ್ಲ ಊರವರೇ. ಕ್ಲಾಸಲ್ಲಿ ನಲವತ್ತು ಮಕ್ಕಳಿದ್ರೆ ಕ್ರಿಶ್ಚಿಯನ್ನರು ಐದೋ ಆರೋ. ಹಣೆಗೆ ವಿಭೂತಿ ಹಚ್ಕೊಂಡು ಬರೋರು ಅದರ ಮೂರು ಪಟ್ಟು. ಬೆಳಿಗ್ಗೆ ಪ್ರೇಯರ್ ಇಂಗ್ಲಿಷಿನಲ್ಲಿ, ಕೊನೆಗೆ ಎಲ್ಲರೂ ಸೇರಿ ‘ಆಮೆನ್’. ಮೊದಲ ವರ್ಷ ನಾನು ಅದನ್ನ ‘ಆಮೆ’ ಅಂತಲೇ ತಿಳ್ಕೊಂಡಿದ್ದೆ. ಆಮೆ ಅಂದ್ರೆ ಮುಗೀತು, ಇನ್ನು ಕೂತ್ಕೊಬಹುದು ಅಂತ. ಮಧ್ಯಾಹ್ನ ಡಬ್ಬಿ ತೆಗೆಯೋ ಮುಂಚೆ ಮತ್ತೊಂದು ಸಲ ಕೈ ಜೋಡಿಸಬೇಕು. ಬಸ್ಸು ಅಂತ ಇಟ್ಟ ಹೆಸರು ಎರಡೂ ಬೇರೆ ಇರೋ ಮಕ್ಕಳು, ಮುಚ್ಚಿದ ಕಣ್ಣಲ್ಲೇ ಪಕ್ಕದವನ ಡಬ್ಬಿಯಲ್ಲಿ ರೊಟ್ಟಿನೋ ಮಂಡಕ್ಕಿ ಒಗ್ಗರಣೆನೋ ಅಂತ ವಾಸನೆ ಹಿಡಿಯೋರು.

ಮನೇಲಿ ಅಜ್ಜಿ ಮಾತ್ರ ವಾರಕ್ಕೊಂದು ಸಲ ಕೇಳೋಳು: “ಅಲ್ಲಿ ನಿಮಗ ಏನ್ ಹೇಳಿಕೊಡ್ತಾರಪ್ಪ, ಖರೆ ಹೇಳು.” ಲೆಕ್ಕ, ಇಂಗ್ಲಿಷು ಅಂತಿದ್ದೆ. ಅವಳು ಕೇಳ್ತಿದ್ದದ್ದು ಅದಲ್ಲ ಅಂತ ಈಗ ಗೊತ್ತಾಗ್ತದೆ. ಅಜ್ಜಿ ಕೇಳಿದ ಈ ಪ್ರಶ್ನೆ ನಮ್ಮ ಮನೇದಷ್ಟೇ ಅಲ್ಲ. ಅದನ್ನ ಹುಡುಕ್ಕೊಂಡು ಹೋದ್ರೆ ನಾವು 1844ರ ಮಂಗಳೂರಿಗೆ ಹೋಗಿ ನಿಲ್ತೀವಿ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷದ ಮೇಲೆ ಹರ್ಮನ್ ಮೋಗ್ಲಿಂಗ್ ಬಂದ. ಹೆಸರು ನಿಮಗೆ ಗೊತ್ತಿರುತ್ತೆ, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರು ಮಾಡಿದವನು. ಪ್ರತಿ ವರ್ಷ ಪತ್ರಿಕಾ ದಿನಾಚರಣೆ ಬಂದಾಗ ಅವನ ಫೋಟೋಗೆ ಹಾರ ಬೀಳುತ್ತೆ. ಆದರೆ ಪತ್ರಿಕೆ ಶುರುವಾಗಿ ಆರು ತಿಂಗಳಿಗೆ ನಡೆದ ಇನ್ನೊಂದು ಘಟನೆ ಭಾಷಣಗಳಲ್ಲಿ ಅಷ್ಟಾಗಿ ಬರಲ್ಲ. 1844ರ ಜನವರಿಯಲ್ಲಿ, ಮಿಷನ್ನಿನವರ ಹತ್ತಿರ ಇಂಗ್ಲಿಷ್ ಕಲೀತಿದ್ದ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬ ಆನಂದರಾವ್ ಕೌಂಡಿನ್ಯ, ಹತ್ತೊಂಬತ್ತರ ಆಸುಪಾಸಿನ ಹುಡುಗ.

ಊರಲ್ಲಿ ದೊಡ್ಡ ಗದ್ದಲ ಎದ್ದಿತು. ಇಂಗ್ಲಿಷ್ ಬಂದ್ರೆ ಕಚೇರಿಯಲ್ಲಿ ಕೆಲಸ ಸಿಗುತ್ತೆ ಅಂತ ಮಗನನ್ನ ಕಳಿಸಿದ ಅಪ್ಪಂದಿರಿಗೆ ಅವತ್ತು ಎದೆ ಧಸಕ್ ಅಂದಿರಬೇಕು. ಮಗ ಕಚೇರಿಗೆ ಹೋಗೋ ಬದಲು ಬೇರೆ ಮನೆಗೇ ಹೋಗಿಬಿಟ್ಟ. ಆನಂದರಾಯನ ಹೆಂಡತಿ ಜೊತೆಗೆ ಬರಲಿಲ್ಲ. ಅವನು 1846ರಲ್ಲಿ ಮೋಗ್ಲಿಂಗ್ ಜೊತೆ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದ. ಮುಂದೆ ಕೊಡಗಿನಲ್ಲಿ ದಲಿತ ಕುಟುಂಬಗಳಿಗಾಗಿ ಆನಂದಪುರ ಅನ್ನೋ ನೆಲೆ ಕಟ್ಟಿದ್ದರಲ್ಲಿ ಮೋಗ್ಲಿಂಗ್ ಜೊತೆ ಅವನ ಕೈಯೂ ಇತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಕತೆಯನ್ನ ಹೇಳೋರು ಎರಡು ಥರ. “ನೋಡಿ, ಶಾಲೆ ಅನ್ನೋದು ಬಲೆ” ಅನ್ನೋರು ಒಬ್ಬರು. “ಸತ್ಯ ಕಂಡವನು ಬಂದ” ಅನ್ನೋರು ಇನ್ನೊಬ್ಬರು. ನನಗೆ ಎರಡೂ ಅರ್ಧ ಅನ್ಸುತ್ತೆ. ಆನಂದರಾಯ ಮಗು ಆಗಿರಲಿಲ್ಲ, ಓದಿಕೊಂಡಿದ್ದ, ಯೋಚನೆ ಮಾಡಿಯೇ ಹೆಜ್ಜೆ ಇಟ್ಟ. ಹಾಗೇ, ಮಿಷನ್ನಿನವರು ಇಂಗ್ಲಿಷ್ ಕಲಿಸಿದ್ದು ಬರೀ ಇಂಗ್ಲಿಷಿಗಾಗಿ ಅಲ್ಲ. ಅದನ್ನ ಅವರು ಮುಚ್ಚಿಟ್ಟಿರಲೂ ಇಲ್ಲ. ಮಿಷನ್ ಶಾಲೆಗಳಲ್ಲಿ ದಿನ ಶುರುವಾಗ್ತಿದ್ದದ್ದೇ ಸಾಮಾನ್ಯವಾಗಿ ಬೈಬಲ್ ಪಾಠದಿಂದ, ಎಲ್ಲ ಮಕ್ಕಳಿಗೂ ಒಟ್ಟಿಗೆ.

ಹತ್ತು ವರ್ಷಕ್ಕೆ ಸರ್ಕಾರವೇ ಈ ಪ್ರಶ್ನೆಗೆ ಕೈ ಹಾಕಬೇಕಾಯ್ತು. 1854ರ ಜುಲೈನಲ್ಲಿ ಲಂಡನ್ನಿಂದ ಬಂದ ಒಂದು ಉದ್ದನೆಯ ಪತ್ರ, ನಮ್ಮ ಇತಿಹಾಸ ಪಠ್ಯದಲ್ಲಿ ಎರಡು ಮಾರ್ಕಿನ ಪ್ರಶ್ನೆಯಾಗಿ ಬರ್ತಿದ್ದ ವುಡ್ಸ್ ಡಿಸ್ಪ್ಯಾಚ್. ಖಾಸಗಿ ಶಾಲೆಗಳು ಲೌಕಿಕ ವಿದ್ಯೆ ಚೆನ್ನಾಗಿ ಕಲಿಸಿದ್ರೆ ಅನುದಾನ ಕೊಡ್ತೀವಿ, ಅಲ್ಲಿ ಯಾವ ಧರ್ಮ ಹೇಳಿಕೊಡ್ತೀರಿ ಅಂತ ನಾವು ಕೇಳಲ್ಲ ಅನ್ನೋದು ಅದರ ತಿರುಳು. ಸರ್ಕಾರಿ ಶಾಲೆಗಳಿಗೆ ಬೇರೆ ಮಾತು. ಲೈಬ್ರರಿಯಲ್ಲಿ ಬೈಬಲ್ ಇರಲಿ, ಹುಡುಗ ತಾನಾಗಿ ಬಂದು ಕೇಳಿದ್ರೆ ಮಾಸ್ತರು ಉತ್ತರ ಹೇಳಬಹುದು, ಆದರೆ ಶಾಲೆಯ ಹೊತ್ತು ಮುಗಿದ ಮೇಲೆ. ಗಮನಿಸಿ, ಕೀಲಿ ಇರೋದು ಗಡಿಯಾರದಲ್ಲಿ. ಯಾವ ಹೊತ್ತು ಎಲ್ಲರದು, ಯಾವ ಹೊತ್ತು ಕೆಲವರದು ಅನ್ನೋ ಲೆಕ್ಕ ಅಲ್ಲಿ ಕಾಣಿಸ್ಕೊಂಡಿತು. ನಮ್ಮ ಪೀರಿಯಡ್ಡಿನ ಬೀಜ ಇದೇ ಅಂತ ನನ್ನ ಊಹೆ.

ಈಗ ಮಂಗಳೂರಿಂದ ಹೊಳೆ ದಂಡೆಗೆ ಬರೋಣ. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ಇವತ್ತು ತುಂಗಭದ್ರೆ ಸೇತುವೆ ದಾಟಿದ್ರೆ ಕುಮಾರಪಟ್ಟಣಂ, ಹಾವೇರಿ ಜಿಲ್ಲೆ. ಆ ಕಾಲಕ್ಕೆ ದಾಟಿದ್ರೆ ರಾಜ್ಯವೇ ಬದಲಾಗ್ತಿತ್ತು. ಈ ಕಡೆ ಮೈಸೂರು ಸಂಸ್ಥಾನ, ಆ ಕಡೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಪಾದ್ರಿಗಳೂ ಹಂಚ್ಕೊಂಡಿದ್ದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್, ಧಾರವಾಡದ ಕಡೆ ಬಾಸೆಲ್ ಮಿಷನ್. ವೆಸ್ಲಿಯನ್ನರು 1837ರಲ್ಲೇ ಗುಬ್ಬಿಗೆ ಬಂದು ಕೂತಿದ್ದರು. ಧಾರವಾಡಕ್ಕೆ 1853ರಲ್ಲಿ ಬಂದವನು ಫರ್ಡಿನಾಂಡ್ ಕಿಟೆಲ್. 1894ರಲ್ಲಿ ಅವನ ಕನ್ನಡ ನಿಘಂಟು ಹೊರಬಂತು, ಸುಮಾರು ಎಪ್ಪತ್ತು ಸಾವಿರ ಪದ.

ಕಿಟೆಲ್ ಹೆಸರು ಬಂದದ್ದಕ್ಕೆ ಒಂದು ಹೊಟ್ಟೆಯುರಿ ಹೇಳಿಬಿಡ್ತೀನಿ. ನಮ್ಮ ಶಾಲೆಯಲ್ಲಿ ಕನ್ನಡ ಮಾತಾಡಿದ್ರೆ ಎಂಟಾಣೆ ದಂಡ. ಕಾರಿಡಾರಲ್ಲಿ ಜಾರಿಬಿದ್ದು “ಅಯ್ಯೋ ಯವ್ವಾ” ಅಂದ್ರೂ ದಂಡ, ನಾನೇ ಕಟ್ಟಿದ್ದೀನಿ. ಹತ್ತೊಂಬತ್ತನೇ ಶತಮಾನದ ಪಾದ್ರಿಗೆ ತನ್ನ ದೇವರನ್ನ ಹೇಳಬೇಕು ಅಂದ್ರೆ ಕನ್ನಡ ಬೇಕಿತ್ತು, ಛಂದಸ್ಸು ಕಲಿತ, ಹಳ್ಳಿ ಹಳ್ಳಿ ಸುತ್ತಿ ಪದ ಕೂಡಿಟ್ಟ. ನೂರು ವರ್ಷ ಆದ ಮೇಲೆ ಅದೇ ಶಿಲುಬೆ ಇದ್ದ ಗೋಡೆ ಕೆಳಗೆ ಕನ್ನಡ ತಪ್ಪಾಯ್ತು. ಇದಕ್ಕೆ ಸಿಸ್ಟರುಗಳನ್ನೊಬ್ಬರನ್ನೇ ಬೈಯೋಕಾಗಲ್ಲ. ನಮ್ಮ ಅಪ್ಪ ಅಮ್ಮ ಫೀಸು ಕಟ್ತಿದ್ದದ್ದು ಅದಕ್ಕೇ. ನನ್ನ ದೂರು ಯೇಸುವಿನ ಮೇಲಲ್ಲ, ಆ ಎಂಟಾಣೆ ಮೇಲೆ.

ಇನ್ನೊಂದು ಮಾತು. ಕಾನ್ವೆಂಟಿಗೆ ಮಕ್ಕಳನ್ನ ಕಳಿಸಿದ ದಾವಣಗೆರೆ ಏನೂ ತಿಳೀದ ಊರಾಗಿರಲಿಲ್ಲ. 1913ರಲ್ಲಿ ಇಲ್ಲಿನ ವಿರಕ್ತ ಮಠದಲ್ಲಿ ಮೃತ್ಯುಂಜಯ ಸ್ವಾಮೀಜಿ ಮತ್ತು ಹರ್ಡೇಕರ್ ಮಂಜಪ್ಪ ಸೇರಿ ಬಸವ ಜಯಂತಿಯನ್ನ ಸಾರ್ವಜನಿಕವಾಗಿ ಆಚರಿಸಿದರು. ಇವತ್ತು ರಾಜ್ಯಕ್ಕೆಲ್ಲ ರಜೆ ಇರೋ ಹಬ್ಬ ಶುರುವಾದ ಜಾಗ ಅದು. ಮಂಜಪ್ಪ ಮೊದಲು ಶಾಲಾ ಮಾಸ್ತರು, ಸ್ವದೇಶಿ ಚಳವಳಿಯ ಬಿಸಿಗೆ ಕೆಲಸ ಬಿಟ್ಟು ಪತ್ರಿಕೆ ನಡೆಸಿದವರು. ಆಮೇಲೆ ಮಠಗಳ ಹಾಸ್ಟೆಲು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, ಕಾಲೇಜಿನ ಮೇಲೆ ಕಾಲೇಜು. ಮಗನಿಗೆ ವಚನ ಬಾಯಿಪಾಠ ಮಾಡಿಸಿದ ಮನೆಯೇ ಮಗಳನ್ನ ಸಿಸ್ಟರ ಹತ್ತಿರ ಕಳಿಸ್ತು. ನಂಬಿಕೆ ಗಟ್ಟಿ ಇದ್ದವರಿಗೆ ಆ ಧೈರ್ಯ ಇತ್ತು ಅನ್ಸುತ್ತೆ.

ಆ ಧೈರ್ಯಕ್ಕೆ 1950ರ ಜನವರಿ 26ರಂದು ಒಂದು ಕಾನೂನೂ ಸಿಕ್ತು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸೋ ಹಕ್ಕು ಕೊಟ್ಟಿತು. 28ನೇ ವಿಧಿಯ ಮೂರನೇ ಭಾಗ ಆ ಕಡೆಯಿಂದ ಹಗ್ಗ ಹಿಡೀತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಯಾವ ಶಾಲೆಯಲ್ಲೂ, ಮಗುವಿನ ಪೋಷಕರು ಒಪ್ಪದೆ ಧರ್ಮಬೋಧನೆಗೆ ಕೂರಿಸೋ ಹಾಗಿಲ್ಲ. ಈಗ ನಿಮಗೆ ಎರಡು ಕೋಣೆ ಕಾಣಿಸ್ತಿರಬೇಕು. ಕ್ಯಾಟೆಕಿಸಂಗೆ ಒಂದು, ಉಳಿದವರಿಗೆ ಒಂದು. ಉಳಿದವರಿಗೆ ಏನು ಹೇಳಿಕೊಡೋದು? ನಿಜ ಹೇಳು, ದೊಡ್ಡವರಿಗೆ ಗೌರವ ಕೊಡು, ಕದೀಬೇಡ. ಮಜಾ ಅಂದ್ರೆ, ನಾವು ಆ ಕೋಣೆಯ ಪುಸ್ತಕ ಇಸ್ಕೊಂಡು ನೋಡಿದಾಗ ಅದೂ ಪ್ರಶ್ನೆ–ಉತ್ತರ, ನಮ್ಮದೂ ಪ್ರಶ್ನೆ–ಉತ್ತರ. ದೇವರ ಹೆಸರು ತೆಗೆದಿದ್ರು, ಅಚ್ಚು ಅದೇ ಇತ್ತು.

ಎರಡು ಕೋಣೆಯ ಈ ಏರ್ಪಾಟು ನನಗೆ ಆಗ ಚೊಕ್ಕ ಅನ್ಸಿತ್ತು. ಹಾಗಲ್ಲ ಅಂತ ತೋರಿಸಿದವನು ನನ್ನ ಬೆಂಚಿನ ಗೆಳೆಯ. ಹೆಸರು ಬೇಡ. ಅವನ ಮನೇಲಿ ಗೋಡೆ ಮೇಲೆ ಮೇರಿಯಮ್ಮನ ಪಟ, ಅವನ ಅವ್ವನ ಕೈಯಲ್ಲಿ ಜಪಸರ. ಭಾನುವಾರ ಬಲಿಪೂಜೆ ತಪ್ಪಿಸ್ತಿರಲಿಲ್ಲ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ನನ್ನನ್ನ ಮೊದಲ ಸಲ ಕರ್ಕೊಂಡು ಹೋದವರೂ ಅವರೇ. ಬಸ್ಸಲ್ಲಿ ಕಾಲಿಡೋಕೆ ಜಾಗ ಇಲ್ಲ. ಸೀರೆ ಸೆರಗು ಹೊದ್ದವರು, ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಆ ಚರ್ಚನ್ನ 2019ರಲ್ಲಿ ಪೋಪ್ ಫ್ರಾನ್ಸಿಸ್ ಬೆಸಿಲಿಕಾ ಅಂತ ಘೋಷಿಸಿದರು. ಅದೇ ಊರಲ್ಲಿ ಅರ್ಧ ಹರಿ ಅರ್ಧ ಹರ ಆಗಿರೋ ದೇವರ ಗುಡಿ ಇದೆ, 1224ರದ್ದು. ಹರಿಹರ ಅಂದ ಕೂಡಲೇ ಸಾಮರಸ್ಯದ ಭಾಷಣ ಶುರು ಮಾಡೋದು ಸುಲಭ. ನಾನು ಮಾಡಲ್ಲ, ಯಾಕಂದ್ರೆ ಗೆಳೆಯನ ಮಾತು ಬಾಕಿ ಇದೆ.

ಆ ಹುಡುಗ ಶಾಲೆಯಲ್ಲಿ ಕ್ಯಾಟೆಕಿಸಂಗೆ ಎದ್ದು ಹೋಗ್ತಿರಲಿಲ್ಲ. ನಮ್ಮ ಜೊತೆ ಮಾರಲ್ ಸೈನ್ಸಿಗೆ ಕೂರ್ತಿದ್ದ. ರಿಜಿಸ್ಟರಿನಲ್ಲಿ ಅವನ ಧರ್ಮ ಹಿಂದೂ, ಪಕ್ಕದಲ್ಲಿ ಪರಿಶಿಷ್ಟ ಜಾತಿಯ ಹೆಸರು. ಯಾಕೋ ಅಂದೆ ಒಂದಿನ. “ನಮ್ಮಪ್ಪ ಹಂಗ ಬರಿಸ್ಯಾನ, ಸ್ಕಾಲರ್‌ಶಿಪ್ ಹೋಗ್ತೈತಂತ” ಅಂದ. ಅಷ್ಟೇ.

ಅದಷ್ಟೇ ಮಾತಿನ ಹಿಂದೆ ಇರೋದು 1950ರ ಇನ್ನೊಂದು ಕಾಗದ. ಸಂವಿಧಾನ ಬಂದ ವರ್ಷವೇ ಹೊರಟ ಪರಿಶಿಷ್ಟ ಜಾತಿಗಳ ಆದೇಶ. ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸೋರನ್ನ ಪರಿಶಿಷ್ಟ ಜಾತಿ ಅಂತ ಎಣಿಸಲ್ಲ ಅಂತ ಅದು ಹೇಳಿತು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಕೇರಿ ಬದಲಾಗಲ್ಲ, ಬೀದಿಯಲ್ಲಿ ನೋಡೋ ಕಣ್ಣು ಬದಲಾಗಲ್ಲ, ಆದರೆ ಶಿಲುಬೆ ಮುಂದೆ ಮಂಡಿಯೂರಿದ್ದೀನಿ ಅಂತ ಬರೆದುಕೊಟ್ರೆ ಮಗನ ಮೀಸಲಾತಿ ಹೋಗುತ್ತೆ. ಹಾಗಾಗಿ ಒಂದು ಹುಡುಗ ಭಾನುವಾರ ಒಬ್ಬ, ಸೋಮವಾರ ಇನ್ನೊಬ್ಬ ಆಗಿ ಬದುಕಿದ. ಸಿಸ್ಟರಿಗೆ ಇದು ಗೊತ್ತಿತ್ತು. ಒಂದು ಸಲವೂ ಅವನನ್ನ ಎಬ್ಬಿಸಲಿಲ್ಲ, ಆ ಕೋಣೆಗೆ ಬಾ ಅನ್ನಲಿಲ್ಲ. ನನ್ನ ಶಾಲೆಯಲ್ಲಿ ನಾನು ಕಂಡ ದೊಡ್ಡ ಧರ್ಮೋಪದೇಶ ಅದು, ಯಾವ ಪುಸ್ತಕದಲ್ಲೂ ಇರಲಿಲ್ಲ.

ಈ ಜಗಳ ಹಳೇದು ಅಂತ ತಿಳೀಬೇಡಿ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನ ಪ್ರವೇಶ ಅರ್ಜಿ ಸುದ್ದಿಯಾಯ್ತು. ಮಗು ಬೈಬಲ್ ತರೋದಕ್ಕೆ ನಮ್ಮ ಆಕ್ಷೇಪ ಇಲ್ಲ ಅಂತ ಪೋಷಕರು ಸಹಿ ಹಾಕಬೇಕಿತ್ತು. ಸಹಿ ಇದೆಯಲ್ಲ, ಒಪ್ಪಿಗೆ ಕೊಟ್ಟ ಹಾಗಾಯ್ತಲ್ಲ ಅಂದರು ಕೆಲವರು. ಸೀಟಿಗೆ ಕಟ್ಟಿದ ಬೆಲೆ ಒಪ್ಪಿಗೆ ಹೇಗಾಗುತ್ತೆ ಅಂದರು ಉಳಿದವರು. ಇಬ್ಬರೂ ಎಳೆದಾಡ್ತಿದ್ದದ್ದು ಅದೇ 28ನೇ ವಿಧಿಯ ಒಂದು ಪದವನ್ನ. ನನಗೆ ಕೇಳಿದ್ರೆ, ಬೇಡ ಅಂದ್ರೂ ಸೀಟು ಸಿಗೋ ಕಡೆ ಹಾಕಿದ ಸಹಿ ಮಾತ್ರ ಒಪ್ಪಿಗೆ.

ಅದೇ ವರ್ಷ ರಾಜ್ಯದಲ್ಲಿ ಮತಾಂತರ ತಡೆ ಕಾನೂನು ಬಂತು. ‘ಆಮಿಷ’ ಅಂದ್ರೇನು ಅನ್ನೋ ಪಟ್ಟಿಯಲ್ಲಿ, ಧಾರ್ಮಿಕ ಸಂಸ್ಥೆ ನಡೆಸೋ ಶಾಲೆ ಕಾಲೇಜಿನ ಉಚಿತ ಶಿಕ್ಷಣವೂ ಸೇರಿತ್ತು. ಅಜ್ಜಿಯ ಅನುಮಾನಕ್ಕೆ ಸೆಕ್ಷನ್ ನಂಬರ್ ಸಿಕ್ಕಿತ್ತು. ವ್ಯತ್ಯಾಸ ಇಷ್ಟೇ: ಅಜ್ಜಿ ಅನುಮಾನ ಇಟ್ಕೊಂಡೇ ನನ್ನ ಡಬ್ಬಿ ಕಟ್ಟಿ, ಶಾಲೆಗೆ ಕಳಿಸಿದಳು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಆ ಕಾನೂನು ವಾಪಸ್ ಪಡೆಯೋ ತೀರ್ಮಾನ ಮಾಡಿತು.

ಇನ್ನು 1950ರ ಆದೇಶ. ಧರ್ಮ ಬದಲಿಸಿದ ದಲಿತರಿಗೆ ಪರಿಶಿಷ್ಟ ಜಾತಿ ಸ್ಥಾನ ಕೊಡಬೇಕಾ ಅಂತ ನೋಡೋಕೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿತು. ಎರಡು ವರ್ಷದ ಗಡುವು ಕೊಟ್ಟಿದ್ರು, ಆಮೇಲೆ ಅದನ್ನೂ ಮುಂದಕ್ಕೆ ಹಾಕಿದರು. ಈ ಸಂಚಿಕೆ ಮಾಡೋ ಮುಂಚೆ ಗೆಳೆಯನಿಗೆ ಫೋನ್ ಮಾಡಿ, ನಿನ್ನ ಕತೆ ಹೆಸರಿಲ್ಲದೆ ಹೇಳಲಾ ಅಂತ ಕೇಳಿದೆ. “ಹೇಳಪ್ಪ, ಅದರಾಗೇನೈತಿ” ಅಂದ. ಮಗಳನ್ನ ಒಂದನೇ ಕ್ಲಾಸಿಗೆ ಸೇರಿಸೋಕೆ ಅರ್ಜಿ ತುಂಬ್ತಾ ಕೂತಿದ್ದನಂತೆ. ಧರ್ಮದ ಕಾಲಂನಲ್ಲಿ ಏನು ಬರೆದೆ ಅಂತ ನಾನು ಕೇಳಲಿಲ್ಲ.